ಹಳೆ ಎಣ್ಣೆ ಬಾವಿಗಳ ಪಕ್ಕದಲ್ಲೇ ಹೊಸ ಎಣ್ಣೆ ಸಿಗುವುದು ಹೇಗೆ? ಮೊದಲು ಕೊರೆದವರಿಗೆ ಕಾಣಲಿಲ್ಲವಾ?

ಪೆರ್ಲದ ಅಕ್ಕ

ನಮಸ್ಕಾರ ಎಲ್ಲರಿಗೂ. ತುಂಬ ದಿನದಿಂದ ತಲೆಯಲ್ಲಿ ಕೊರೆಯುತ್ತಿರುವ ಪ್ರಶ್ನೆ ಇದು. ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ನನ್ನ ತಮ್ಮ ಕುವೈತಿನಲ್ಲಿ ಎಣ್ಣೆ ಬಾವಿ ಕೊರೆಯುವ ರಿಗ್ಗಿನಲ್ಲಿ ಇಲೆಕ್ಟ್ರಿಷನ್. ಹೋಗಿ ಹದಿನಾಲ್ಕು ವರ್ಷ ಆಯಿತು. ಮೊನ್ನೆ ವಿಡಿಯೋ ಕಾಲಿನಲ್ಲಿ ಮಾತಾಡುವಾಗ ಫೋನ್ ತಿರುಗಿಸಿ ತೋರಿಸಿದ. "ಅಕ್ಕಾ, ಆಚೆ ಕಾಣ್ತದಲ್ಲ, ಅದು ಅಪ್ಪ ಶಾಲೆಗೆ ಹೋಗುತ್ತಿದ್ದ ಕಾಲದ ಬಾವಿ. ಈಚೆ ನಾವು ಈಗ ಹೊಸತು ಕೊರೆಯುವುದು" ಎಂದ. ಎರಡರ ನಡುವೆ ನಮ್ಮ ಅಂಗಳದಿಂದ ಕೆಳಗಿನ ತೋಟದ ತೋಡಿನಷ್ಟು ದೂರ ಇರಬಹುದು, ಅಷ್ಟೇ. ಅರವತ್ತು ಎಪ್ಪತ್ತು ವರ್ಷ ತೂತು ಮಾಡಿ ಮಾಡಿ ತೆಗೆದ ಜಾಗದಲ್ಲಿ ಮತ್ತೆ ಹೊಸತಾಗಿ ಎಣ್ಣೆ ಸಿಗುತ್ತದೆ ಅಂದರೆ ಮೊದಲಿನವರು ಏನು ನೋಡಿದ್ದು? ಅಥವಾ ಇದ್ದದ್ದನ್ನೇ ಹೊಸ ತೂತಿನಿಂದ ಎಳೆಯುವುದಾ?

ಕೇಳಲು ಕಾರಣ ಉಂಟು. ತಮ್ಮ ಊರಲ್ಲಿ ಮನೆ ಕಟ್ಟಲು ಸಾಲ ತೆಗೆಯುವ ಯೋಚನೆಯಲ್ಲಿದ್ದಾನೆ. ಅವನ ಕೆಲಸ ಇನ್ನು ಎಷ್ಟು ವರ್ಷ ಇರಬಹುದು ಅನ್ನುವುದು ನಮಗೆ ಸಣ್ಣ ವಿಷಯ ಅಲ್ಲ. ಇನ್ನೊಂದು, ನನ್ನ ಮಗಳು ಕಾಸರಗೋಡು ಸರಕಾರಿ ಕಾಲೇಜಿನಲ್ಲಿ ಜಿಯಾಲಜಿ ಓದುತ್ತಿದ್ದಾಳೆ. ಎಣ್ಣೆಯ ಕಡೆಗೇ ಹೋಗಬೇಕು ಅಂತ ಅವಳಿಗೆ ಆಸೆ. ನೆಂಟರೆಲ್ಲ "ಎಣ್ಣೆ ಇನ್ನೇನು ಮುಗಿಯಿತು, ಸುಮ್ನೆ ಬಿ.ಎಡ್ ಮಾಡಿಸು" ಅನ್ನುತ್ತಾರೆ. ನನಗೆ ಎರಡೂ ಕಡೆ ಹೇಳಲು ಬಾಯಿಲ್ಲ.

ಕೊನೆಗೆ ಒಂದು. ಉಡುಪಿ ಹತ್ತಿರ ಪಾದೂರಿನಲ್ಲಿ ನೆಲದಡಿ ರಾಶಿ ಎಣ್ಣೆ ಉಂಟು ಅಂತ ಒಬ್ಬರು ಹೇಳಿದರು. ಹಾಗಿದ್ದರೆ ನಮ್ಮ ಕಡಲಿನಲ್ಲೂ ಇರಬಹುದಲ್ವಾ?

---

ಕುಂಬಳೆಯ ಮಡ್‌ಲಾಗರ್

ಅಕ್ಕ, ಒಳ್ಳೆಯ ಪ್ರಶ್ನೆ. ನಾನು ಇಪ್ಪತ್ತೆರಡು ವರ್ಷ ಮಡ್ ಲಾಗಿಂಗ್ ಮಾಡಿದವ, ಅಂದರೆ ಕೊರೆಯುವಾಗ ಮೇಲೆ ಬರುವ ಕಲ್ಲಿನ ಪುಡಿ ನೋಡಿ ಬರೆದಿಡುವ ಕೆಲಸ. ಮೊದಲು ಮುಂಬಯಿ ಎದುರಿನ ಕಡಲಿನ ಎಣ್ಣೆ ಫೀಲ್ಡ್ ಬಾಂಬೆ ಹೈ, ಆಮೇಲೆ ಒಮಾನ್. ಈಗ ಊರಲ್ಲಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಬೇಡಿ.

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಬೇಕು. ನೆಲದ ಅಡಿಯಲ್ಲಿ ಎಣ್ಣೆ ಕೆರೆಯ ಹಾಗೆ ನಿಂತಿರುವುದಿಲ್ಲ. ಸಣ್ಣ ಸಣ್ಣ ತೂತುಗಳಿರುವ ಕಲ್ಲಿನ ಒಳಗೆ, ಒದ್ದೆ ಸ್ಪಂಜಿನಲ್ಲಿ ನೀರು ಇದ್ದಂತೆ ಇರುತ್ತದೆ. ಆ ಸ್ಪಂಜನ್ನು ನಾವು ಹಿಂಡಲಿಕ್ಕೂ ಆಗುವುದಿಲ್ಲ. ಒತ್ತಡದಲ್ಲಿ ತಾನಾಗಿ ಬಂದಷ್ಟು ಬರುತ್ತದೆ, ಆಮೇಲೆ ನೀರು ಅಥವಾ ಗ್ಯಾಸ್ ನುಗ್ಗಿಸಿ ತಳ್ಳಬೇಕು. ಇಷ್ಟೆಲ್ಲ ಮಾಡಿದರೂ ಪ್ರಪಂಚದಲ್ಲಿ ಸರಾಸರಿ ಲೆಕ್ಕ ಹಿಡಿದರೆ ಇದ್ದ ಎಣ್ಣೆಯಲ್ಲಿ ಮೂರರಲ್ಲಿ ಒಂದು ಪಾಲು ಮಾತ್ರ ಮೇಲೆ ಬರುತ್ತದೆ. ಉಳಿದ ಎರಡು ಪಾಲು ಕಲ್ಲಿನಲ್ಲೇ. ಹಾಗಾಗಿ "ಹಳೆ ಫೀಲ್ಡ್" ಅಂದರೆ ಖಾಲಿ ಫೀಲ್ಡ್ ಅಲ್ಲ.

ಆದರೆ ನೀವು ಕೇಳಿದ್ದು ಬೇರೆ, ಪಕ್ಕದಲ್ಲೇ ಹೊಸತು ಸಿಗುವುದು ಹೇಗೆ ಅಂತ. ಒಮಾನಿನ ಫಹೂದ್ ಕಥೆ ಹೇಳುತ್ತೇನೆ. ನಾನು ಅಲ್ಲಿ ಕೆಲಸ ಮಾಡುವಾಗ ಹಳಬರು ಹೊಸಬರಿಗೆ ಮೊದಲು ಹೇಳುತ್ತಿದ್ದದ್ದೇ ಅದನ್ನು. ಅಲ್ಲಿ ಮೊದಲನೇ ಬಾವಿ ಕೊರೆಯಲು ಶುರು ಮಾಡಿದ್ದು 1956ರಲ್ಲಿ. ರಸ್ತೆ ಇಲ್ಲದ ಮರುಭೂಮಿಯಲ್ಲಿ ಸಾಮಾನು ಎಳೆದುಕೊಂಡು ಹೋಗಿ ಕೊರೆದರು. ಏನೂ ಸಿಗಲಿಲ್ಲ. ಮತ್ತೆ ಬೇರೆ ಬೇರೆ ಕಡೆ ಕೊರೆದರು, ಅಲ್ಲೂ ಇಲ್ಲ. 1960ರಲ್ಲಿ ಪಾಲುದಾರ ಕಂಪನಿಗಳಲ್ಲಿ ಹೆಚ್ಚಿನವು ಕೈ ಬಿಟ್ಟು ಹೋದವು, ಶೆಲ್ ಮತ್ತು ಪಾರ್ಟೆಕ್ಸ್ ಮಾತ್ರ ಉಳಿದವು. ಉಳಿದವರಿಗೆ 1962ರಲ್ಲಿ ಯಿಬಾಲ್ ಸಿಕ್ಕಿತು, 1963ರಲ್ಲಿ ನಾತಿಹ್, ಮತ್ತೆ 1964ರಲ್ಲಿ ಅದೇ ಫಹೂದ್! ಮೊದಲ ಬಾವಿ ತಪ್ಪಿದ್ದು ಕೆಲವೇ ನೂರು ಮೀಟರಿನಿಂದ. ನಡುವೆ ಒಂದು ದೊಡ್ಡ ಫಾಲ್ಟ್, ಅಂದರೆ ಕಲ್ಲಿನ ಪದರುಗಳು ಬಿರುಕು ಬಿಟ್ಟು ಒಂದು ಬದಿ ಜಾರಿ ಕೆಳಗಾದ ಜಾಗ. ಮೊದಲಿನವರು ಅದರ ತಪ್ಪು ಬದಿಯಲ್ಲಿ ಇಳಿದಿದ್ದರು. ಈಚೆ ಬದಿ ಒಮಾನಿನ ದೊಡ್ಡ ಫೀಲ್ಡ್. 1967ರಲ್ಲಿ ಆ ದೇಶದ ಎಣ್ಣೆ ಮೊದಲ ಸಲ ಹಡಗು ಹತ್ತಿತು.

ಅವರು ಕುರುಡರಲ್ಲ ಅಕ್ಕ. ಅವರ ಕೈಯಲ್ಲಿ ಇದ್ದ ಬೆಳಕು ಅಷ್ಟೇ ಇತ್ತು.

ಇನ್ನೊಂದು, ಸೌದಿಯ ದಮ್ಮಾಮ್. ಪಕ್ಕದ ಬಹ್ರೈನಿನಲ್ಲಿ 1932ರಲ್ಲಿ ಎಣ್ಣೆ ಸಿಕ್ಕಿದ ಮೇಲೆ ಅಲ್ಲಿಯೂ ಅದೇ ಪದರಿನಲ್ಲಿ ಇರಬೇಕು ಅಂತ ಒಂದರ ಹಿಂದೆ ಒಂದು ಬಾವಿ ಕೊರೆದರು. ಸ್ವಲ್ಪ ಸ್ವಲ್ಪ ಬಂದು ನಿಂತಿತು. ಏಳನೇ ಬಾವಿಯನ್ನು ಇನ್ನೂ ಕೆಳಗೆ ಇಳಿಸುತ್ತಾ ಹೋದರು. 1938ರ ಮಾರ್ಚಿನಲ್ಲಿ ಸುಮಾರು 1,440 ಮೀಟರ್ ಆಳದಲ್ಲಿ ಸಿಕ್ಕಿತು. ಆಮೇಲೆ ಹಳೆಯ 2ನೇ ಮತ್ತು 4ನೇ ಬಾವಿಯನ್ನೂ ಆಳ ಮಾಡಿದರು, ಅವೂ ಕೊಟ್ಟವು. ಜಾಗ ಅದೇ. ತೂತೂ ಅದೇ. ಆಳ ಮಾತ್ರ ಬೇರೆ.

ಫಹೂದಿನಲ್ಲಿ ತಪ್ಪಿದ್ದು ಅಡ್ಡಕ್ಕೆ, ದಮ್ಮಾಮಿನಲ್ಲಿ ಆಳಕ್ಕೆ. ಹಳೆ ಬಾವಿಯ ಹತ್ತಿರ ಹೊಸ ಎಣ್ಣೆ ಸಿಕ್ಕಿದ ಸುದ್ದಿ ಬಂದಾಗೆಲ್ಲ ನಾನು ಮೊದಲು ನೋಡುವುದು ಇದನ್ನೇ: ಪಕ್ಕಕ್ಕೆ ಹೋದರಾ, ಕೆಳಗೆ ಹೋದರಾ?

---

ಜಿಯಾಲಜಿ ಬೆಂಚು

ಮೇಲೆ ಅಣ್ಣ ಹೇಳಿದ್ದಕ್ಕೆ ನಾನು ಸೇರಿಸುವುದು ಸ್ವಲ್ಪವೇ. ನಾನೂ ಕಾಸರಗೋಡಿನವನೇ, ಎಂ.ಎಸ್ಸಿ ಮಾಡುತ್ತಿದ್ದೇನೆ.

ಪೆರ್ಲದವರಿಗೆ ಸುರಂಗದ ಲೆಕ್ಕದಲ್ಲಿ ಹೇಳಿದರೆ ಬೇಗ ಅರ್ಥ ಆಗುತ್ತದೆ. ನಮ್ಮ ಮನೆಯ ಹಿಂದಿನ ಗುಡ್ಡೆಯಲ್ಲಿ ಅಜ್ಜ ತೋಡಿಸಿದ ಸುರಂಗ ಉಂಟು. ಮುರಕಲ್ಲಿನಲ್ಲಿ ಅಡ್ಡಕ್ಕೆ ಕೊರೆದು ಒಳಗೆ ಜಿನುಗುವ ನೀರನ್ನು ಹೊರಗೆ ಮಣ್ಣಿನ ಮದಕಕ್ಕೆ ತರುವುದು. ಅದು ಬತ್ತಿದ ಮೇಲೆ ಅಪ್ಪ ಎರಡನೆಯದನ್ನು ತೋಡಿಸಿದ್ದು ಎಲ್ಲಿ? ಬೇರೆ ಗುಡ್ಡೆಯಲ್ಲಿ ಅಲ್ಲ. ಅದೇ ಗುಡ್ಡೆಯಲ್ಲಿ, ಹಳೆ ಬಾಯಿಯಿಂದ ಇಪ್ಪತ್ತು ಹೆಜ್ಜೆ ಆಚೆ. ಯಾಕೆ? ಈ ಗುಡ್ಡೆ ನೀರು ಹಿಡಿಯುತ್ತದೆ ಅಂತ ಆಗಲೇ ಗೊತ್ತಿತ್ತು. ಗೊತ್ತಿಲ್ಲದ ಗುಡ್ಡೆಯಲ್ಲಿ ಕೈ ಹಾಕುವುದಕ್ಕಿಂತ ಗೊತ್ತಿದ್ದ ಗುಡ್ಡೆಯೇ ವಾಸಿ ಅಲ್ವಾ. ಎಣ್ಣೆಯವರು ಯೋಚಿಸುವುದೂ ಹಾಗೆಯೇ.

ಎಣ್ಣೆ ಒಂದು ಕಡೆ ಸೇರಬೇಕಾದರೆ ಎಲ್ಲ ಕೂಡಿ ಬರಬೇಕು. ಕೆಳಗೆ ಎಲ್ಲೋ ಎಣ್ಣೆ ಹುಟ್ಟುವ ಕಲ್ಲು ಇರಬೇಕು, ಹಳೆ ಕಾಲದ ಸಮುದ್ರ ಜೀವಿಗಳ ಅವಶೇಷ ಸೇರಿದ ಕಪ್ಪು ಜೇಡಿಕಲ್ಲು. ಅದು ಸರಿಯಾದ ಬಿಸಿಗೆ ಬೇಯಬೇಕು. ಹುಟ್ಟಿದ ಎಣ್ಣೆ ಮೇಲೆ ಏರಲು ದಾರಿ ಬೇಕು, ಬಂದು ಕೂರಲು ತೂತಿರುವ ಕಲ್ಲು ಬೇಕು, ತಪ್ಪಿಸಿಕೊಳ್ಳದ ಹಾಗೆ ಮೇಲೊಂದು ಗಟ್ಟಿ ಮುಚ್ಚಳ ಬೇಕು. ಇಷ್ಟರಲ್ಲಿ ಒಂದು ತಪ್ಪಿದರೂ ಬಾವಿ ಒಣಕಲು. ಹೊಸ ಜಾಗದಲ್ಲಿ ಇವೆಲ್ಲವೂ ಅನುಮಾನ. ಹಳೆ ಫೀಲ್ಡಿನ ಪಕ್ಕದಲ್ಲಿ ಎಣ್ಣೆ ಹುಟ್ಟಿದೆ, ಬೆಂದಿದೆ, ಹರಿದಿದೆ ಅನ್ನುವುದು ಸಾಬೀತಾದ ಮಾತು. ಹುಡುಕಬೇಕಾದ್ದು ಅದು ಇನ್ನೆಲ್ಲಿ ಸಿಕ್ಕಿಕೊಂಡಿದೆ ಅನ್ನುವುದನ್ನು ಮಾತ್ರ.

ಮೊದಲು ಯಾಕೆ ಕಾಣಲಿಲ್ಲ? ಹಿಂದೆ ಎಲ್ಲರೂ ಹುಡುಕಿದ್ದು ಗುಮ್ಮಟದ ಆಕಾರವನ್ನು, ಕಲ್ಲಿನ ಪದರು ಕವುಚಿ ಹಾಕಿದ ಬಾಣಲೆಯ ಹಾಗೆ ಬಾಗಿದ ಜಾಗ. ಅದು ಕಾಣುವುದು ಸುಲಭ. ಆದರೆ ಎಣ್ಣೆ ಬೇರೆ ರೀತಿಯಲ್ಲೂ ಕೂರುತ್ತದೆ. ಒಂದು ಮರಳುಕಲ್ಲಿನ ಪದರು ಹೋಗುತ್ತಾ ಹೋಗುತ್ತಾ ತೆಳುವಾಗಿ ಜೇಡಿಯಲ್ಲಿ ಮುಗಿದುಹೋದರೆ ಆ ಮೂಲೆಯಲ್ಲಿ ಎಣ್ಣೆ ನಿಲ್ಲುತ್ತದೆ, ಮೇಲಿನಿಂದ ನೋಡಿದರೆ ಗುಮ್ಮಟವೂ ಇಲ್ಲ ಏನೂ ಇಲ್ಲ. ಬ್ರಿಟನ್ನಿನ ನಾರ್ತ್ ಸೀಯಲ್ಲಿ 2001ರಲ್ಲಿ ಸಿಕ್ಕಿದ ಬಝರ್ಡ್ ಫೀಲ್ಡ್ ಇಂಥದ್ದು. ಅಷ್ಟು ಹೊತ್ತಿಗೆ ನಾರ್ತ್ ಸೀ ಮುದಿಯಾಯಿತು, ಇನ್ನು ದೊಡ್ಡದು ಸಿಗಲಾರದು ಅಂತ ಎಲ್ಲರೂ ಹೇಳುತ್ತಿದ್ದ ಕಾಲ. 2007ರಲ್ಲಿ ಉತ್ಪಾದನೆ ಶುರುವಾಗಿ ಅದು ಬ್ರಿಟನ್ನಿನ ಅತಿ ಹೆಚ್ಚು ಎಣ್ಣೆ ಕೊಡುವ ಫೀಲ್ಡ್ ಆಯಿತು. ನಾರ್ವೆ ಕಡೆ ಯೊಹಾನ್ ಸ್ವೆರ್ಡ್ರುಪ್ ಕೂಡ ಹಾಗೆಯೇ. 1960ರ ದಶಕದಿಂದ ಕಂಪನಿಗಳು ತಿರುಗಾಡಿದ ಪ್ರದೇಶ. ಸಿಕ್ಕಿದ್ದು 2010ರಲ್ಲಿ. ಇನ್ನೂರು ಕೋಟಿ ಬ್ಯಾರೆಲಿಗಿಂತ ಜಾಸ್ತಿ ತೆಗೆಯಬಹುದಾದ ಎಣ್ಣೆ.

---

ಅಕ್ಕಲಕೋಟದವ

ನಮಸ್ಕಾರ್ರೀ. ನಮ್ಮದು ಸೋಲಾಪುರ ಜಿಲ್ಲೆ ಅಕ್ಕಲಕೋಟ. ನಾನು ಬೋರ್‌ವೆಲ್ ಗಾಡಿ ಇಟ್ಟವ, ಎಣ್ಣೆ ಬಾವಿ ನೋಡಿಲ್ಲ. ಆದರೂ ಕೇಳಬೇಕು ಅನ್ನಿಸಿತು.

ನಾವು ಒಂದು ಹೊಲದಲ್ಲಿ 400 ಅಡಿ ಕೊರೆದು ಬರೀ ಬೂದಿ ಹಾರಿಸಿ ಬಂದಿರುತ್ತೇವೆ. ಅದೇ ಹೊಲದ ಬದುವಿನಾಚೆ ಮುಂದಿನ ವರ್ಷ ಯಾರೋ 180 ಅಡಿಗೆ ಎರಡು ಇಂಚು ನೀರು ತೆಗೆಯುತ್ತಾರೆ. ಮೊದಲನೆಯ ರೈತ ಬಂದು ನನ್ನ ಮುಂದೆ ನಿಂತು ಏನೂ ಮಾತಾಡದೆ ಹೋದದ್ದು ಇವತ್ತಿಗೂ ಕಣ್ಣ ಮುಂದಿದೆ. ನಮ್ಮ ಕಪ್ಪು ಕಲ್ಲಿನಲ್ಲಿ ನೀರು ಇರುವುದು ಸಂದಿಯಲ್ಲಿ. ಸಂದಿ ಸಿಕ್ಕರೆ ಸಿಕ್ಕಿತು, ಒಂದು ಮಾರು ತಪ್ಪಿದರೆ ಇಲ್ಲ. ನಮಗೆ ಕೊರೆಯುವ ಮೊದಲು ನೋಡುವ ದಾರಿಯೇ ಸರಿಯಾಗಿಲ್ಲ, ತೆಂಗಿನಕಾಯಿ ಹಿಡಿದು ತಿರುಗುವವರನ್ನು ನಂಬುತ್ತೇವೆ. ಎಣ್ಣೆಯವರು ಕೊರೆಯುವ ಮೊದಲು ಹೇಗೆ ನೋಡುತ್ತಾರೆ? ನಿಜವಾಗಿ ಕಾಣುತ್ತದಾ, ಅಥವಾ ಅದೂ ಅಂದಾಜಾ? ಇಷ್ಟು ಹೇಳ್ರಿ.

---

ಕುಂಬಳೆಯ ಮಡ್‌ಲಾಗರ್

ಅಕ್ಕಲಕೋಟದ ಅಣ್ಣ, ನಿಮ್ಮ ಅನುಭವ ಎಣ್ಣೆಯವರ ಅನುಭವವೇ.

ನೋಡುವುದು ಸದ್ದಿನಿಂದ. ನೆಲದ ಮೇಲೆ ಭಾರದ ಲಾರಿಗಳು ಒಂದು ಕಬ್ಬಿಣದ ತಟ್ಟೆಯನ್ನು ನೆಲಕ್ಕೆ ಒತ್ತಿ ನಡುಗಿಸುತ್ತವೆ. ಆ ನಡುಕ ಕೆಳಗೆ ಹೋಗಿ ಒಂದೊಂದು ಕಲ್ಲಿನ ಪದರಿಗೆ ತಾಗಿ ಪ್ರತಿಧ್ವನಿಯಾಗಿ ವಾಪಸ್ಸು ಬರುತ್ತದೆ. ಸಾಲಾಗಿ ಇಟ್ಟ ಜಿಯೋಫೋನುಗಳು ಅದನ್ನು ಹಿಡಿಯುತ್ತವೆ. ಯಾವ ಪ್ರತಿಧ್ವನಿ ಎಷ್ಟು ಹೊತ್ತಿಗೆ ಬಂತು ಅನ್ನುವುದರಿಂದ ಕೆಳಗಿನ ಚಿತ್ರ ಬಿಡಿಸುತ್ತಾರೆ. ಸಮುದ್ರದಲ್ಲಾದರೆ ಹಡಗಿನಿಂದ ಒತ್ತಿ ತುಂಬಿದ ಗಾಳಿಯನ್ನು ನೀರಿನಲ್ಲಿ ಸಿಡಿಸುತ್ತಾರೆ. ಹಿಂದೆ ಇದನ್ನು ಗೆರೆ ಗೆರೆಯಾಗಿ ಮಾಡುತ್ತಿದ್ದರು, ಎರಡು ಗೆರೆಗಳ ನಡುವೆ ಕಿಲೋಮೀಟರುಗಟ್ಟಲೆ ಅಂತರ. ನಡುವೆ ಏನಿದೆ ಅನ್ನುವುದು ಊಹೆ. 1980ರ ದಶಕದಿಂದ 3ಡಿ ಬಳಕೆಗೆ ಬಂತು, ಇಡೀ ಪ್ರದೇಶದ ಗಟ್ಟಿ ಚಿತ್ರ. ಹಲಸಿನ ಹಣ್ಣಿಗೆ ಒಂದೆರಡು ಕಡೆ ಚೂರಿ ಹಾಕಿ ನೋಡುವುದಕ್ಕೂ ಇಡೀ ಹಣ್ಣನ್ನು ಬಿಡಿಸಿ ಇಡುವುದಕ್ಕೂ ಇರುವ ವ್ಯತ್ಯಾಸ ಅದು. ಹಳೆಯ ಟೇಪುಗಳಲ್ಲಿದ್ದ ಲೆಕ್ಕವನ್ನೇ ಇವತ್ತಿನ ಕಂಪ್ಯೂಟರಿಗೆ ಮತ್ತೆ ಹಾಕಿದರೆ ಆಗ ಕಾಣದಿದ್ದದ್ದು ಈಗ ಕಾಣುತ್ತದೆ. ಒಂದು ತೂತನ್ನೂ ಕೊರೆಯದೆ ಹೊಸ ಜಾಗ ಗುರುತಾದದ್ದು ಎಷ್ಟೋ ಉಂಟು.

ಹಳೆ ಫೀಲ್ಡಿನಲ್ಲಿ ಇನ್ನೊಂದು ಮಾಡುತ್ತಾರೆ. ಕೆಲವು ವರ್ಷ ಬಿಟ್ಟು ಅದೇ ಜಾಗದ 3ಡಿಯನ್ನು ಪುನಃ ತೆಗೆಯುತ್ತಾರೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ನೀರು ಎಲ್ಲಿಯವರೆಗೆ ನುಗ್ಗಿದೆ, ಎಣ್ಣೆ ಎಲ್ಲಿ ಹಾಗೇ ಉಳಿದಿದೆ ಅಂತ ಗೊತ್ತಾಗುತ್ತದೆ. 4ಡಿ ಅನ್ನುತ್ತಾರೆ, ನಾಲ್ಕನೆಯದು ಕಾಲ. ನಾರ್ತ್ ಸೀಯಲ್ಲಿ 1970ರಲ್ಲಿ ಸಿಕ್ಕಿದ ಫೋರ್ಟೀಸ್ ಫೀಲ್ಡನ್ನು ಬ್ರಿಟನ್ನಿನ ಬಿಪಿ ಕಂಪನಿ 2003ರಲ್ಲಿ ಅಪಾಚಿ ಕಂಪನಿಗೆ ಮಾರಿತು. ತಗೊಂಡವರು ಈ ಕ್ರಮದಿಂದಲೇ ಬಿಟ್ಟುಹೋದ ಎಣ್ಣೆಯ ಗುಳಿಗಳನ್ನು ಹುಡುಕಿ ಹೊಸ ಬಾವಿ ಇಳಿಸಿದರು. ಪೆರ್ಲದ ಅಕ್ಕ, ನಿಮ್ಮ ತಮ್ಮ ತೋರಿಸಿದ್ದು ಹೆಚ್ಚಾಗಿ ಇಂಥದ್ದೇ ಇರಬೇಕು. ಎರಡು ಹಳೆ ಬಾವಿಗಳ ನಡುವೆ ಯಾರೂ ಮುಟ್ಟದೆ ಉಳಿದ ಎಣ್ಣೆಗೆ ಇಳಿಸುವ ಬಾವಿಗೆ ನಾವು ಇನ್‌ಫಿಲ್ ಅನ್ನುತ್ತಿದ್ದೆವು. ಅದು ಹೊಸ ನಿಧಿ ಸಿಕ್ಕಿದ್ದಲ್ಲ, ಇದ್ದದ್ದನ್ನೇ ಚೆನ್ನಾಗಿ ಬಳಿದು ತೆಗೆಯುವುದು.

ಇಷ್ಟೆಲ್ಲ ಇದ್ದರೂ ಅಂದಾಜು ಅಂದಾಜೇ. ಕೊರೆದ ಮೇಲೆಯೇ ಸತ್ಯ. ಕೊರೆಯುವಾಗ ಕಲ್ಲಿನ ಪುಡಿ ಮಡ್ಡಿನ (ಬಾವಿಗೆ ಬಿಡುವ ಕೆಸರಿನಂಥ ದ್ರವ) ಜೊತೆ ಮೇಲೆ ಬಂದು ಶೇಕರಿನ ಜಾಲರಿಯ ಮೇಲೆ ಕುಣಿಯುತ್ತದೆ. ಒಂದು ಬೊಗಸೆ ತೆಗೆದು ಸಣ್ಣ ಜರಡಿಯಲ್ಲಿ ತೊಳೆಯುತ್ತೇವೆ. ಅಕ್ಕಿ ನುಚ್ಚಿನಷ್ಟು ದೊಡ್ಡ ತುಂಡುಗಳು, ಬೂದು ಬಣ್ಣ. ಬರಿಗಣ್ಣಿಗೆ ಏನೂ ಇಲ್ಲ. ಅದನ್ನು ಯುವಿ ಲ್ಯಾಂಪಿನ ಕಪ್ಪು ಪೆಟ್ಟಿಗೆಯಲ್ಲಿಟ್ಟು ಕಣ್ಣು ಹಚ್ಚಿ ನೋಡಬೇಕು, ಎಣ್ಣೆ ಇದ್ದರೆ ಆ ಬೆಳಕಿಗೆ ಹೊಳೆಯುತ್ತದೆ. ಬಾಂಬೆ ಹೈಯಲ್ಲಿ ಒಂದು ರಾತ್ರಿ, ಎರಡೋ ಮೂರೋ ಗಂಟೆ ಇರಬಹುದು, ಮಳೆ ಹೊಡೆಯುತ್ತಿತ್ತು. ಅದುವರೆಗೆ ಸತ್ತ ಕಲ್ಲು ನೋಡಿ ನೋಡಿ ಕಣ್ಣು ಉರಿಯುತ್ತಿತ್ತು. ಪೆಟ್ಟಿಗೆಯಲ್ಲಿ ಇಟ್ಟ ತಟ್ಟೆಯಲ್ಲಿ ಹತ್ತು ಹನ್ನೆರಡು ತುಂಡುಗಳು ತಿಳಿ ಹಳದಿಯಾಗಿ ಹೊಳೆದವು, ಕತ್ತಲೆಯಲ್ಲಿ ಮಿಣುಕು ಹುಳದ ಹಾಗೆ. ಎಣ್ಣೆ ಕರಗಿಸುವ ಸಾಲ್ವೆಂಟ್ ಒಂದು ಹನಿ ಹಾಕಿದೆ. ಆ ಹೊಳಪು ಕಲ್ಲಿನಿಂದ ಬಿಡಿಸಿಕೊಂಡು ಎಳೆ ಎಳೆಯಾಗಿ ಹರಿಯಿತು. ಹತ್ತಿರದ ಹಳೆ ಬಾವಿಯ ಲಾಗ್ ಶೀಟಿನಲ್ಲಿ, ಅಂದರೆ ಯಾವ ಆಳದಲ್ಲಿ ಏನು ಕಂಡಿತು ಅಂತ ಬರೆದಿಡುವ ಹಾಳೆಯಲ್ಲಿ, ಆ ಆಳಕ್ಕೆ ಏನೂ ಬರೆದಿರಲಿಲ್ಲ. ನನ್ನ ಎದೆ ಹೊಡೆದುಕೊಂಡದ್ದು ಇವತ್ತಿಗೂ ನೆನಪಿದೆ.

---

ಆದೋನಿಯಿಂದ

ಎಲ್ಲ ಓದಿದೆ, ಸಂತೋಷ. ಆದರೆ ಇನ್ನೊಂದು ಮಾತನ್ನೂ ಸೇರಿಸಬೇಕು. ನಮ್ಮ ದೊಡ್ಡಪ್ಪನ ಮಗ ರಾಜಮಂಡ್ರಿ ಕಡೆ ಡ್ರಿಲ್ಲಿಂಗ್ ಕೆಲಸದಲ್ಲಿದ್ದ, ಅವನಿಂದ ಕೇಳಿ ತಿಳಿದದ್ದು.

ಹಳೆ ಫೀಲ್ಡ್ ಅಂದರೆ ಎಲ್ಲ ಗೊತ್ತಿರುವ ಜಾಗ, ಅಪಾಯ ಕಡಿಮೆ ಅಂತ ಜನ ತಿಳಿಯುತ್ತಾರೆ. ಪೂರ್ತಿ ನಿಜ ಅಲ್ಲ. ವರ್ಷಗಟ್ಟಲೆ ಎಣ್ಣೆ ಗ್ಯಾಸ್ ತೆಗೆದ ಪದರಿನಲ್ಲಿ ಒತ್ತಡ ಇಳಿದಿರುತ್ತದೆ. ಅದರ ಕೆಳಗಿನ, ಯಾರೂ ಮುಟ್ಟದ ಪದರಿನಲ್ಲಿ ಒತ್ತಡ ಮೊದಲಿನಷ್ಟೇ ಇರುತ್ತದೆ. ಬಾವಿಯೊಳಗೆ ತುಂಬುವ ಮಡ್ಡಿನ ತೂಕವೇ ಆ ಒತ್ತಡವನ್ನು ತಡೆಹಿಡಿಯುವುದು. ತೂಕ ಜಾಸ್ತಿ ಮಾಡಿದರೆ ಮೇಲಿನ ಬಡ ಪದರು ಮಡ್ಡನ್ನು ಕುಡಿದುಬಿಡುತ್ತದೆ, ಕಡಿಮೆ ಮಾಡಿದರೆ ಕೆಳಗಿನದು ನುಗ್ಗಿ ಬರುತ್ತದೆ. ನಡುವಿನ ದಾರಿ ಬಹಳ ಕಿರಿದು. ಅದಕ್ಕೇ ಒಂದೊಂದು ಪದರು ದಾಟಿದ ಹಾಗೆ ಕೇಸಿಂಗ್ ಅನ್ನುವ ಕಬ್ಬಿಣದ ಕೊಳವೆ ಇಳಿಸಿ ಸಿಮೆಂಟ್ ಹಾಕಿ ಮುಚ್ಚುತ್ತಾ ಹೋಗುತ್ತಾರೆ. ಮತ್ತೆ, ಹಳೆ ಬಾವಿಗಳು ಒತ್ತೊತ್ತಾಗಿ ಇರುವಲ್ಲಿ ಹೊಸ ಬಾವಿ ವಾಲಿಸಿ ಕೊರೆಯುವಾಗ ಹಳೆಯದಕ್ಕೆ ಹೋಗಿ ತಾಗದ ಹಾಗೆ ಹೆಜ್ಜೆ ಹೆಜ್ಜೆಗೆ ಅಳತೆ ಬೇಕು. ಹಳೆ ಬಾವಿಯ ದಾಖಲೆ ತಪ್ಪಿದ್ದರೆ?

ಆಂಧ್ರದ ಕೋನಸೀಮೆಯ ಪಾಸರ್ಲಪೂಡಿಯಲ್ಲಿ 1995ರ ಜನವರಿಯಲ್ಲಿ ಬಾವಿ ಸಿಡಿದು ಹೊತ್ತಿಕೊಂಡ ಬೆಂಕಿ ಆರಲು 65 ದಿನ ಬೇಕಾಯಿತು. ಅಸ್ಸಾಮಿನ ಬಾಘಜಾನಿನಲ್ಲಿ 2020ರ ಮೇ ತಿಂಗಳಲ್ಲಿ ಸಿಡಿದದ್ದು ಪೂರ್ತಿ ಹತೋಟಿಗೆ ಬಂದದ್ದು ನವೆಂಬರಿನಲ್ಲಿ. ಅಸ್ಸಾಮ್ ಅಂದರೆ ಹೊಸ ಜಾಗವಾ? ದಿಗ್ಬೋಯಿಯಲ್ಲಿ 1889ರಿಂದ ಕೊರೆಯುತ್ತಿದ್ದ ಪ್ರದೇಶ. ಬಾವಿಯ ಪಕ್ಕದ ತೆಂಗು, ಗದ್ದೆ, ಮನೆ ಯಾರದ್ದು ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ತಮಿಳುನಾಡು 2020ರಲ್ಲಿ ಕಾವೇರಿ ಡೆಲ್ಟಾವನ್ನು ಕೃಷಿ ವಲಯ ಅಂತ ಕಾನೂನು ಮಾಡಿ ಹೊಸ ಎಣ್ಣೆ ಬಾವಿಗಳನ್ನು ಬೇಡ ಅಂದಿತು. ಅಲ್ಲಿನ ರೈತರು ಸುಮ್ನೆ ಕೂಗಿದ್ದಲ್ಲ.

ನಾನು ಬೇಡ ಅನ್ನುತ್ತಿಲ್ಲ. ನಮ್ಮ ದೇಶ ಎಣ್ಣೆಯಲ್ಲಿ ಬಹುಪಾಲನ್ನು ಹೊರಗಿನಿಂದ ತರಿಸುತ್ತದೆ, ಇದ್ದಲ್ಲಿ ತೆಗೆಯಲೇಬೇಕು. ಆದರೆ ಅವಸರ ಮಾಡಬಾರದು.

---

ಪೆರ್ಲದ ಅಕ್ಕ

ಎಲ್ಲರಿಗೂ ತುಂಬಾ ಧನ್ಯವಾದ. ಮಗಳೂ ಪಕ್ಕದಲ್ಲಿ ಕೂತು ಓದಿದಳು. ಆದೋನಿಯವರು ಬರೆದದ್ದು ಓದಿ ತಮ್ಮನಿಗೆ ಫೋನ್ ಮಾಡಿದೆ, ಹುಷಾರಾಗಿರು ಅಂತ. "ಅಕ್ಕಾ ಇಲ್ಲಿ ವಾರ ವಾರ ಸೇಫ್ಟಿ ಡ್ರಿಲ್ ಮಾಡಿಸ್ತಾರೆ, ಸೈರನ್ ಆದರೆ ಎಲ್ಲಿ ನಿಲ್ಲಬೇಕು ಅಂತ ನಿದ್ದೆಯಲ್ಲೂ ಗೊತ್ತು" ಎಂದ. ಸ್ವಲ್ಪ ಸಮಾಧಾನ ಆಯಿತು.

ಆದರೆ ಕೆಲಸ ಎಷ್ಟು ವರ್ಷ ಇರುತ್ತದೆ ಅಂತ ಯಾರೂ ಹೇಳಲಿಲ್ಲ. ಮತ್ತೆ ಈ ಪೇಪರಿನಲ್ಲಿ ಬರುವ ನೂರು ಕೋಟಿ, ಸಾವಿರ ಕೋಟಿ ಬ್ಯಾರೆಲ್ ಲೆಕ್ಕ ನಂಬಬಹುದಾ? ಪಾದೂರಿನ ವಿಷಯವೂ ಬಾಕಿ ಉಂಟು.

---

ಜಿಯಾಲಜಿ ಬೆಂಚು

ಪಾದೂರಿನದ್ದು ನಾನು ಹೇಳುತ್ತೇನೆ. ಅಲ್ಲಿ ಎಣ್ಣೆ ಹುಟ್ಟಿದ್ದಲ್ಲ, ತಂದು ತುಂಬಿಸಿದ್ದು. ಗಟ್ಟಿ ಕಲ್ಲನ್ನು ಕೊರೆದು ಮಾಡಿದ ಗುಹೆಗಳು, ಯುದ್ಧವೋ ಏನೋ ಆಗಿ ಹಡಗು ಬರದಿದ್ದರೆ ಇರಲಿ ಅಂತ ಸರಕಾರ ಮಾಡಿದ ದಾಸ್ತಾನು. ಪಾದೂರಿನಲ್ಲಿ 25 ಲಕ್ಷ ಟನ್, ಮಂಗಳೂರಿನಲ್ಲಿ 15 ಲಕ್ಷ ಟನ್ ಹಿಡಿಯುತ್ತದೆ. ಅಲ್ಲಿ ಗುಹೆ ಮಾಡಲು ಆದದ್ದೇ ಕಲ್ಲಿನಲ್ಲಿ ತೂತುಗಳಿಲ್ಲದ ಕಾರಣ. ಎಣ್ಣೆ ಹುಟ್ಟುವ ಕಲ್ಲು ಅದಲ್ಲ. ನಮ್ಮ ಕಾಸರಗೋಡಿನ ನೆಲವೂ ಅಷ್ಟೇ, ಮೇಲೆ ಮುರಕಲ್ಲು, ಕೆಳಗೆ ಬಹಳ ಹಳೆಯ ಗಟ್ಟಿ ಶಿಲೆ. ಗುಡ್ಡೆಯಲ್ಲಿ ಎಣ್ಣೆ ಹುಡುಕುವುದು ಬೇಡ.

ಕಡಲಿನ ವಿಷಯ ಬೇರೆ. ನಮ್ಮ ಎದುರಿನ ಸಮುದ್ರ ಕೇರಳ-ಕೊಂಕಣ ಬೇಸಿನ್ನಿಗೆ (ಮರಳು ಜೇಡಿ ಪದರು ಪದರಾಗಿ ತುಂಬಿದ ದೊಡ್ಡ ತಗ್ಗು) ಸೇರುತ್ತದೆ. ದೇಶದಲ್ಲಿ ಇಂಥ 26 ಬೇಸಿನ್ ಉಂಟು, ಮೂರು ದರ್ಜೆ ಮಾಡಿದ್ದಾರೆ. ನಮ್ಮದು ಮೂರನೆಯದು, ಇರಬಹುದು ಅನ್ನುವ ಊಹೆ ಮಾತ್ರ ಇರುವ ದರ್ಜೆ. ಕೊರೆದ ಬಾವಿಗಳಲ್ಲಿ ವ್ಯಾಪಾರಕ್ಕೆ ಆಗುವಷ್ಟು ಸಿಕ್ಕಿಲ್ಲ. ಅಕ್ಕಲಕೋಟದವರ ಹೊಲದ ಅದೇ ಕಪ್ಪು ಕಲ್ಲು, ಸುಮಾರು 6.6 ಕೋಟಿ ವರ್ಷ ಹಿಂದೆ ಉಕ್ಕಿದ ಲಾವಾ, ಪಶ್ಚಿಮ ಕಡಲಿನ ಅಡಿಯಲ್ಲೂ ಬೇಕಾದಷ್ಟು ಕಡೆ ಹಾಸಿದೆ. ಸದ್ದಿನ ಅಲೆ ಅದಕ್ಕೆ ತಾಗಿ ಚದುರಿಹೋಗುತ್ತದೆ, ಕೆಳಗಿನದು ಮಸುಕು. ಇಲ್ಲಿ ಹಳೆ ಬಾವಿಯ ಆಸರೆ ಇಲ್ಲ, ಅದೇ ಕಷ್ಟ.

---

ಕುಂಬಳೆಯ ಮಡ್‌ಲಾಗರ್

ಲೆಕ್ಕದ ವಿಷಯಕ್ಕೆ ಬರುತ್ತೇನೆ. ಪೇಪರಿನಲ್ಲಿ ಬ್ಯಾರೆಲ್ ಲೆಕ್ಕ ಬಂದಾಗ ಒಂದೇ ಪ್ರಶ್ನೆ ಕೇಳಿ: ಅದು ಕಲ್ಲಿನಲ್ಲಿ ಇರುವುದಾ, ತೆಗೆಯಲು ಆಗುವುದಾ? ಬಹ್ರೈನ್ ನೋಡಿ. ಗಲ್ಫಿನ ಅರಬ್ ಬದಿಯಲ್ಲಿ ಎಲ್ಲರಿಗಿಂತ ಮೊದಲು ಎಣ್ಣೆ ಸಿಕ್ಕಿದ ದೇಶ. 2018ರ ಏಪ್ರಿಲಿನಲ್ಲಿ ಅಲ್ಲಿ 8,000 ಕೋಟಿ ಬ್ಯಾರೆಲಿನ ಹೊಸ ನಿಧಿ ಅಂತ ಘೋಷಣೆ ಆಯಿತು. ಆದರೆ ಅದು ಕಲ್ಲಿನಲ್ಲಿ ಇರುವ ಲೆಕ್ಕ, ಅದೂ ಬಿಗಿಯಾದ ಶೇಲ್ ಕಲ್ಲು, ಒಡೆದು ತೆಗೆಯಬೇಕಾದದ್ದು. ಅದರಲ್ಲಿ ಮೇಲೆ ಬರುವುದು ಸಣ್ಣ ಪಾಲು ಮಾತ್ರ. "ರಿಸರ್ವ್" ಅನ್ನುವ ಮಾತನ್ನು ಇವತ್ತಿನ ಬೆಲೆಗೆ, ಇವತ್ತಿನ ಸಲಕರಣೆಯಿಂದ ತೆಗೆಯಬಹುದಾದ ಎಣ್ಣೆಗೆ ಮಾತ್ರ ಬಳಸಬೇಕು. ಸುದ್ದಿಯವರು ಎಲ್ಲಕ್ಕೂ ಅದನ್ನೇ ಬಳಸುತ್ತಾರೆ, ನನಗೆ ಅದು ಸಿಟ್ಟು ಬರುವ ವಿಷಯ, ಯಾಕೆಂದರೆ ಅದನ್ನು ಓದಿ ಮನೆಯವರು ಸಾಲ ತೆಗೆಯುತ್ತಾರೆ.

ಕುವೈತಿನದ್ದೇ ಹೇಳಬೇಕಾದರೆ, ಅಲ್ಲಿನ ದೊಡ್ಡ ಹಳೆ ಫೀಲ್ಡ್ ಬುರ್ಗಾನ್ ಸಿಕ್ಕಿದ್ದು 1938ರಲ್ಲಿ. 2024ರ ಜುಲೈಯಲ್ಲಿ ಫೈಲಕಾ ದ್ವೀಪದ ಪೂರ್ವದ ಕಡಲಿನಲ್ಲಿ ಅಲ್-ನೋಖತಾ ಅಂತ ಹೊಸ ಫೀಲ್ಡ್ ಘೋಷಿಸಿದರು, ಎಣ್ಣೆ ಗ್ಯಾಸ್ ಸೇರಿ 320 ಕೋಟಿ ಬ್ಯಾರೆಲ್ ಅಂದಾಜು. ಅಂದರೆ ಅವರು ಇನ್ನೂ ಹುಡುಕುತ್ತಿದ್ದಾರೆ, ಹಳೆಯದರಲ್ಲೂ ಕೊರೆಯುತ್ತಿದ್ದಾರೆ. ರಿಗ್ಗಿಗೆ ಕೆಲಸ ಉಂಟು. ನಿಮ್ಮ ತಮ್ಮನ ಕೆಲಸಕ್ಕೆ ಅಪಾಯ ಎಣ್ಣೆ ಮುಗಿಯುವುದರಿಂದ ಬರುವುದಿಲ್ಲ, ಬೆಲೆ ಬೀಳುವುದರಿಂದ ಬರುತ್ತದೆ. 2014ರ ಕೊನೆಗೆ ಬೆಲೆ ಬಿದ್ದಾಗ ಒಳ್ಳೊಳ್ಳೆ ಫೀಲ್ಡುಗಳಲ್ಲಿ ರಿಗ್ ನಿಂತದ್ದನ್ನು ನಾನು ನೋಡಿದ್ದೇನೆ, ನನ್ನ ಜೊತೆಗಿದ್ದ ಆರು ಜನ ಒಂದೇ ವಾರದಲ್ಲಿ ಊರಿಗೆ ಬಂದರು. ಹಾಗಾಗಿ ಮನೆ ಕಟ್ಟಲಿ, ಆದರೆ ಒಂದು ವರ್ಷ ಸಂಬಳ ಇಲ್ಲದಿದ್ದರೂ ಕಂತು ಕಟ್ಟಲು ಆಗುವಷ್ಟು ಕೈಯಲ್ಲಿ ಇಟ್ಟುಕೊಂಡು ಸಾಲ ತೆಗೆಯಲಿ.

ಮಗಳ ವಿಷಯ. ನನ್ನ ಪ್ರಕಾರ ಓದಲಿ. ಹೊಸ ಜಾಗ ಹುಡುಕುವವರಿಗಿಂತ ಹಳೆ ಫೀಲ್ಡಿನ ಹಳೆ ದಾಖಲೆಗಳನ್ನು ತಾಳ್ಮೆಯಿಂದ ಪುನಃ ಓದುವವರು ಇನ್ನು ಜಾಸ್ತಿ ಬೇಕಾಗುತ್ತಾರೆ. ಬಾಂಬೆ ಹೈ ಸಿಕ್ಕಿದ್ದು 1974ರಲ್ಲಿ, 1980ರ ದಶಕದಲ್ಲಿ ದಿನಕ್ಕೆ ನಾಲ್ಕು ಲಕ್ಷ ಬ್ಯಾರೆಲ್ ದಾಟಿತ್ತು, ಈಗ ಅದರ ಹತ್ತಿರಕ್ಕೂ ಇಲ್ಲ. ಅದನ್ನು ಎತ್ತಲು 2025ರ ಜನವರಿಯಲ್ಲಿ ಬಿಪಿ ಕಂಪನಿಯನ್ನು ಜೊತೆಗೆ ತಗೊಂಡರು. ಅದು ಪೂರ್ತಿ ಹಳೆ ಫೀಲ್ಡಿನ ಕೆಲಸ. ಲಾಗ್ ಓದಲು ಕಲಿಯಲಿ, ಸ್ವಲ್ಪ ಪ್ರೋಗ್ರಾಮಿಂಗ್ ಕಲಿಯಲಿ. ಇದೇ ವಿದ್ಯೆ ಅಂತರ್ಜಲಕ್ಕೂ ಆಗುತ್ತದೆ, ಅಕ್ಕಲಕೋಟದವರ ಹೊಲಕ್ಕೂ ಆಗುತ್ತದೆ. ಎಣ್ಣೆ ಬೇಡ ಅನ್ನಿಸಿದರೂ ದಾರಿ ಮುಚ್ಚುವುದಿಲ್ಲ.

ಬಿಡುವಿದ್ದರೆ ಒಂದು ಭಾನುವಾರ ಅವಳನ್ನು ಕರೆದುಕೊಂಡು ಕುಂಬಳೆಗೆ ಬನ್ನಿ. ಒಮಾನಿನ ಗುಡ್ಡದಿಂದ ಹೆಕ್ಕಿದ ನಾತಿಹ್ ಪದರಿನ ಸುಣ್ಣಕಲ್ಲು ನನ್ನ ಹತ್ತಿರ ಉಂಟು. ಫಹೂದಿನಲ್ಲಿ ನೆಲದಡಿ ಎಣ್ಣೆ ಹಿಡಿದು ಕೂತ ಕಲ್ಲೇ ಅಲ್ಲಿ ಗುಡ್ಡದಲ್ಲಿ ಹೊರಗೆ ಕಾಣುತ್ತದೆ. ಲೆನ್ಸ್ ಹಿಡಿದು ನೋಡಿದರೆ ತೂತುಗಳು ಕಾಣುತ್ತವೆ. ಪುಸ್ತಕದಲ್ಲಿ ಓದುವುದಕ್ಕೂ ಕೈಯಲ್ಲಿ ಹಿಡಿಯುವುದಕ್ಕೂ ವ್ಯತ್ಯಾಸ ಉಂಟು.

---

ಪೆರ್ಲದ ಅಕ್ಕ

ಖಂಡಿತ ಬರುತ್ತೇವೆ. ಅವಳು ಆಗಲೇ ಲೆನ್ಸ್ ಬ್ಯಾಗಿಗೆ ಹಾಕಿ ಇಟ್ಟಿದ್ದಾಳೆ. ಈ ಭಾನುವಾರ ಅಡಿಕೆ ಸುಲಿಯುವವರು ಬರುತ್ತಾರೆ, ಮುಂದಿನ ಭಾನುವಾರ ಆಗಬಹುದಾ? ಅವಳದ್ದೊಂದು ಪ್ರಶ್ನೆ ಉಂಟು, ಈಗಲೇ ಕೇಳು ಅಂತ ಹಟ: ಆ ರಾತ್ರಿ ಹೊಳೆದ ಪದರಿನಿಂದ ಆಮೇಲೆ ಎಣ್ಣೆ ತೆಗೆದರಾ?

---

ಕುಂಬಳೆಯ ಮಡ್‌ಲಾಗರ್

ಮುಂದಿನ ಭಾನುವಾರ ಆಗಬಹುದು, ಊಟಕ್ಕೆ ಇಲ್ಲಿಗೇ ಬನ್ನಿ.

ಇಲ್ಲ, ತೆಗೆಯಲಿಲ್ಲ. ಪದರು ನಾಲ್ಕು ಮೀಟರ್ ಮಾತ್ರ ಇತ್ತು, ಆಗಿನ ಬೆಲೆಗೆ ಸಾಲದು ಅಂತ ಕೇಸಿಂಗ್ ಇಳಿಸಿ ದಾಟಿ ಹೋದರು. ಆದರೆ ಆಳ ಎಷ್ಟು, ಬಣ್ಣ ಯಾವುದು, ಎಷ್ಟು ತುಂಡು ಹೊಳೆಯಿತು ಅಂತ ಎಲ್ಲ ಲಾಗ್ ಶೀಟಿನಲ್ಲಿ ಬರೆದು ಇಟ್ಟಿದ್ದೇನೆ. ಆ ಬಾವಿಯ ಫೈಲ್ ತೆಗೆದವರಿಗೆ ಅದು ಸಿಗುತ್ತದೆ.